ದಿನಕ್ಕೆ ಎಂಟು ಸಾವಿರ ಅಂದರೆ ವರ್ಷಕ್ಕೆ ಎಷ್ಟು?

ಬೆಂಗಳೂರಿನ ಐಟಿಯವರಿಗೆ ಈ ಪ್ರಶ್ನೆ ಎದುರಾಗುವುದು ಹೆಚ್ಚಾಗಿ ಹೀಗೆ. ಕೈಯಲ್ಲಿ 18 ಲಕ್ಷ ಸಿಟಿಸಿಯ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಪರ್ಮನೆಂಟ್ ಆಫರ್ ಇರುತ್ತದೆ. ಅದೇ ವಾರ ಇನ್ನೊಂದು ಕಡೆಯಿಂದ ಫೋನು ಬರುತ್ತದೆ: ‘ಒಂದು ವರ್ಷದ ಕಾಂಟ್ರ್ಯಾಕ್ಟ್, ದಿನಕ್ಕೆ 8,000.’ ಶನಿವಾರ, ಭಾನುವಾರ ಬಿಟ್ಟರೆ ವರ್ಷಕ್ಕೆ 261 ದಿನ. ಗುಣಿಸಿದರೆ 20.88 ಲಕ್ಷ. ಮೂರು ಲಕ್ಷ ಹೆಚ್ಚು ಸಿಗುತ್ತದಲ್ಲ ಎಂದು ಮನಸ್ಸು ಅತ್ತ ವಾಲುತ್ತದೆ. ಆದರೆ ತಪ್ಪಿರುವುದೇ ಆ 261ರಲ್ಲಿ.

ದಿನದ ದರದ ಕಾಂಟ್ರ್ಯಾಕ್ಟ್‌ನಲ್ಲಿ ದುಡಿದ ದಿನಕ್ಕಷ್ಟೇ ದುಡ್ಡು. ಕರ್ನಾಟಕದಲ್ಲಿ ನೌಕರರಿಗೆ ಗಣರಾಜ್ಯೋತ್ಸವ, ಮೇ 1, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ ಮತ್ತು ಐದು ಹಬ್ಬ ಸೇರಿ ಹತ್ತು ದಿನ ಸಂಬಳದ ರಜೆ ಇದೆ. ನಿಮಗೆ ಆ ಹತ್ತೂ ದಿನ ಸೊನ್ನೆ. ಉಳಿದದ್ದು 251. ಜ್ವರ, ಮಕ್ಕಳ ಶಾಲೆ, ಊರಿನ ಜಾತ್ರೆ, ಮದುವೆ ಮುಂಜಿ ಎಂದು 18 ದಿನ ಹೋದರೆ 233. ಕ್ರಿಸ್‌ಮಸ್ ಹೊತ್ತಿಗೆ ವಿದೇಶಿ ಕ್ಲೈಂಟ್ ಒಂದು ವಾರ ಬಾಗಿಲು ಹಾಕಿದರೆ 228. ಈ ಕಾಂಟ್ರ್ಯಾಕ್ಟ್ ಮುಗಿದು ಮುಂದಿನದು ಶುರುವಾಗುವ ಮಧ್ಯೆ ಆರು ವಾರ ಖಾಲಿ ಕೂತರೆ 198. ಈಗ ಗುಣಿಸಿ: 15.84 ಲಕ್ಷ.

ಆರು ವಾರದ ಖಾಲಿ ಸಮಯವನ್ನು ‘ನನಗೆ ಹಾಗಾಗುವುದಿಲ್ಲ’ ಎಂದು ಲೆಕ್ಕದಿಂದ ಬಿಡಬೇಡಿ. ಇಂಟರ್‌ವ್ಯೂ ಎರಡು ಮೂರು ಸುತ್ತು, ಆಮೇಲೆ ಕ್ಲೈಂಟ್‌ನ ಒಪ್ಪಿಗೆ, ಬ್ಯಾಕ್‌ಗ್ರೌಂಡ್ ಚೆಕ್, ಲ್ಯಾಪ್‌ಟಾಪ್ ಮತ್ತು ಲಾಗಿನ್. ಇಷ್ಟರಲ್ಲೇ ಒಂದೂವರೆ ತಿಂಗಳು ಸುಲಭವಾಗಿ ಕಳೆಯುತ್ತದೆ. ಲಾಗಿನ್ ಬರುವವರೆಗೆ ಬಿಲ್ಲಿಂಗ್, ಅಂದರೆ ದಿನದ ದುಡ್ಡಿನ ಲೆಕ್ಕ, ಶುರುವಾಗದ ಒಪ್ಪಂದಗಳೂ ಇವೆ. ಬಿಲ್ಲಿಂಗ್ ಯಾವ ದಿನದಿಂದ ಎಂಬುದನ್ನು ಮೊದಲೇ ಬರೆಸಿಕೊಳ್ಳಿ.

ಆ ಕಡೆಯ 18 ಲಕ್ಷವೂ ಪೂರ್ತಿ ಕೈಗೆ ಬರುವುದಿಲ್ಲ. ಆಫರ್ ಲೆಟರ್‌ನ ಕೊನೆಯ ಪುಟದ ಪಟ್ಟಿ ನೋಡಿ. ವೇರಿಯಬಲ್, ಅಂದರೆ ಕೆಲಸದ ಫಲಿತಾಂಶ ನೋಡಿ ಕೊಡುವ ಭಾಗ, 10% ಎಂದರೆ 1.8 ಲಕ್ಷ. ಬೇಸಿಕ್ (ಮೂಲ ವೇತನ) 9 ಲಕ್ಷ ಇದ್ದರೆ ಗ್ರಾಚ್ಯುಟಿಗೆಂದು (ಕೆಲಸ ಬಿಡುವಾಗ ಸಿಗುವ ಸೇವಾ ಹಣ) 4.81%, ಅಂದರೆ ಸುಮಾರು 43,000. ಕಂಪನಿಯ ಪಾಲಿನ ಪಿಎಫ್ ತಿಂಗಳಿಗೆ 1,800ರಂತೆ 21,600. ವಿಮೆಯ ಪ್ರೀಮಿಯಂ 25,000 ಎಂದು ಹಿಡಿಯೋಣ. ಇವನ್ನು ಕಳೆದರೆ ತೆರಿಗೆಗೆ ಮುಂಚಿನ ಸಂಬಳ 15.3 ಲಕ್ಷ. ಅಂದರೆ ಕೈಗೆ ಬರುವ ದುಡ್ಡಿನಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ. ಪಿಎಫ್, ವಿಮೆ, ಗ್ರಾಚ್ಯುಟಿ, ವೇರಿಯಬಲ್ ಮಾತ್ರ ಒಂದೇ ಕಡೆ ಇವೆ.

ಹಾಗಾದರೆ ಕೇಳಬೇಕಾದ ದರ ಎಷ್ಟು? 18 ಲಕ್ಷಕ್ಕೆ ಮನೆಯವರ ವಿಮೆ, ಲ್ಯಾಪ್‌ಟಾಪ್, ಆಡಿಟರ್ ಫೀಸು ಎಂದು ಇನ್ನೊಂದು ಲಕ್ಷ ಸೇರಿಸಿ. 19 ಲಕ್ಷವನ್ನು 198ರಿಂದ ಭಾಗಿಸಿದರೆ ಸುಮಾರು 9,600. ಇದು ಸರಿಸಮಕ್ಕೆ ಬರುವ ದರವಷ್ಟೇ. ಅಭದ್ರತೆಗೂ ಒಂದು ಬೆಲೆ ಇದೆ ಎನ್ನುವವರು ಇದರ ಮೇಲೆ ಕೇಳಬೇಕು, ನನ್ನ ಪ್ರಕಾರ ಕೇಳಲೇಬೇಕು.

ಕಾಂಟ್ರ್ಯಾಕ್ಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದು, ಸ್ಟಾಫಿಂಗ್ ಕಂಪನಿಯ ಪೇರೋಲ್. ಸ್ಯಾಲರಿ ಸ್ಲಿಪ್, ಪಿಎಫ್, ಸಂಬಳದಿಂದ ಹಿಡಿದ ತೆರಿಗೆಯ ಪ್ರಮಾಣಪತ್ರ ಎಲ್ಲ ಇರುತ್ತದೆ, ಕೂರುವುದು ಮಾತ್ರ ಕ್ಲೈಂಟ್ ಆಫೀಸಿನಲ್ಲಿ. ಇನ್ನೊಂದು, ನೀವೇ ಇನ್‌ವಾಯ್ಸ್ ಕೊಟ್ಟು ದುಡ್ಡು ಪಡೆಯುವುದು. ಪೇರೋಲ್ ಮೇಲಿನ ನೇಮಕಾತಿ ಪತ್ರದಲ್ಲಿ ‘ಫಿಕ್ಸ್‌ಡ್ ಟರ್ಮ್’ ಎಂದು ಇದೆಯೇ ನೋಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಫಿಕ್ಸ್‌ಡ್ ಟರ್ಮ್ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಸಿಗುತ್ತದೆ, ಐದು ವರ್ಷ ಕಾಯಬೇಕಿಲ್ಲ.

ಇನ್‌ವಾಯ್ಸ್ ದಾರಿಯಲ್ಲಿ ಎಡವುವುದು ಹೆಚ್ಚಾಗಿ ಜಿಎಸ್‌ಟಿಯಲ್ಲಿ. ಸೇವೆಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. 9,600 ದರದಲ್ಲಿ ಖಾಲಿ ಕೂರದೆ 228 ದಿನ ದುಡಿದರೆ 21.89 ಲಕ್ಷ, ಮಿತಿ ದಾಟಿತು. ಒಪ್ಪಂದದಲ್ಲಿ ‘ಎಲ್ಲ ತೆರಿಗೆಗಳೂ ಸೇರಿ’ ಎಂಬ ಸಾಲಿದ್ದರೆ 18% ನಿಮ್ಮ ಜೇಬಿನಿಂದಲೇ ಹೋಗುತ್ತದೆ. 8,000ದ ದರ ಆಗ 6,780 ಆಗುತ್ತದೆ. ‘ಜಿಎಸ್‌ಟಿ ಪ್ರತ್ಯೇಕ’ ಎಂಬ ಎರಡು ಪದ ಇಲ್ಲದ ಒಪ್ಪಂದಕ್ಕೆ ಸಹಿ ಹಾಕಬೇಡಿ.

ಆದಾಯ ತೆರಿಗೆಯಲ್ಲಿ ಮಾತ್ರ ಈ ದಾರಿಗೆ ನಿಜವಾದ ಅನುಕೂಲ ಇದೆ. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆ ಬದಲಾಗಿದ್ದರೂ ಆಡಿಟರ್‌ಗಳ ಬಾಯಲ್ಲಿ ಇನ್ನೂ 44ಎಡಿಎ (ಬಂದ ಹಣದ ಅರ್ಧವನ್ನೇ ಆದಾಯವೆಂದು ತೋರಿಸುವ ಸೌಲಭ್ಯ), 194ಜೆ (ಫೀಸಿನಿಂದ ತೆರಿಗೆ ಹಿಡಿಯುವ ನಿಯಮ) ಎಂದೇ ಇದೆ. ತಾಂತ್ರಿಕ ಸಲಹೆಯಂಥ ವೃತ್ತಿಯವರು ಬಂದ ಹಣದ ಅರ್ಧವನ್ನು ಆದಾಯ ಎಂದು ತೋರಿಸಬಹುದು. 19 ಲಕ್ಷಕ್ಕೆ 9.5 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲವಾದ್ದರಿಂದ ಕಟ್ಟುವುದು ಸೊನ್ನೆ. ವೇರಿಯಬಲ್ ಪೂರ್ತಿ ಬಂದರೆ ಆ 18 ಲಕ್ಷ ಸಿಟಿಸಿಯವರು ಸುಮಾರು 1.32 ಲಕ್ಷ ಕಟ್ಟುತ್ತಾರೆ. ಆದರೆ ನಿಮ್ಮ ಕೆಲಸ ಆ ಪಟ್ಟಿಗೆ ಸೇರುತ್ತದೆಯೇ ಎಂಬುದನ್ನು ಒಪ್ಪಂದ ಹಿಡಿದುಕೊಂಡು ಹೋಗಿ ಆಡಿಟರ್ ಹತ್ತಿರ ಕೇಳಿ. ಒಬ್ಬನೇ ಕ್ಲೈಂಟ್, ಅವರದೇ ಲ್ಯಾಪ್‌ಟಾಪ್, ಒಂಬತ್ತರಿಂದ ಆರರ ಹಾಜರಿ, ರಜೆಗೆ ಅನುಮತಿ ಎಂದೆಲ್ಲ ಇದ್ದರೆ ಅದು ಸಂಬಳವೇ ಅಲ್ಲವೇ ಎಂದು ಇಲಾಖೆ ಕೇಳಬಹುದು. ಈ ಉಳಿತಾಯವನ್ನು ನಂಬಿ ದರ ಇಳಿಸಬೇಡಿ. ಇನ್ನೊಂದು ಮಾತು: ಮನೆ ಸಾಲಕ್ಕೆ ಹೋದಾಗ ಬ್ಯಾಂಕ್ ನೋಡುವುದು ರಿಟರ್ನ್‌ನಲ್ಲಿರುವ ಆ 9.5 ಲಕ್ಷವನ್ನೇ, ಅದೂ ಸಾಮಾನ್ಯವಾಗಿ ಎರಡು ವರ್ಷದ್ದು. ಸದ್ಯದಲ್ಲೇ ಸೈಟು, ಮನೆ ಎಂದುಕೊಂಡಿದ್ದರೆ ಸಾಲ ಮಂಜೂರಾದ ಮೇಲೆ ಕಾಂಟ್ರ್ಯಾಕ್ಟ್ ಕಡೆ ನೋಡಿ.

ದುಡ್ಡು ಕೈಗೆ ಬರುವ ಕಾಲವನ್ನು ಡಿಸೆಂಬರ್ ತಿಂಗಳು ಚೆನ್ನಾಗಿ ತೋರಿಸುತ್ತದೆ. 23 ಕೆಲಸದ ದಿನ, ಕ್ಲೈಂಟ್ ರಜೆ 5, ಉಳಿದದ್ದು 18. ದರ 8,000 ಆದರೆ ಬಿಲ್ಲು 1,44,000. ದುಡಿದ ದಿನಗಳ ಪಟ್ಟಿಯಾದ ಟೈಮ್‌ಶೀಟ್‌ಗೆ ಒಪ್ಪಿಗೆ ಕೊಡಬೇಕಾದ ಮ್ಯಾನೇಜರ್ ರಜೆಯಿಂದ ಬರುವುದು ಜನವರಿ 5ಕ್ಕೆ. ಅಲ್ಲಿಯವರೆಗೆ ಇನ್‌ವಾಯ್ಸ್ ಹೋಗುವುದಿಲ್ಲ. 45 ದಿನದ ಪೇಮೆಂಟ್ ಟರ್ಮ್ ಇದ್ದರೆ ಹಣ ಬರುವುದು ಫೆಬ್ರವರಿ ಮೂರನೇ ವಾರ, ಅದರಲ್ಲಿ 10% ಟಿಡಿಎಸ್ (ಕೊಡುವವರೇ ಮುಂಚೆ ಹಿಡಿಯುವ ತೆರಿಗೆ) ಹಿಡಿದು 1,29,600. ಹಿಡಿದದ್ದು ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ತೆರಿಗೆ ವಿವರಪಟ್ಟಿಯಲ್ಲಿ ಕಾಣುತ್ತದೆ, ವಾಪಸ್ ಬರುವುದು ರಿಟರ್ನ್ ಸಲ್ಲಿಸಿದ ಮೇಲೆ. ಅದಕ್ಕೇ ಮೂರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇಲ್ಲದೆ ಈ ದಾರಿಗೆ ಇಳಿಯಬಾರದು. ಡಿಸೆಂಬರ್ ಟೈಮ್‌ಶೀಟನ್ನು 20ರೊಳಗೇ ಒಪ್ಪಿಸಿಕೊಳ್ಳಲು ಆಗುತ್ತದೆಯೇ ಎಂದು ಕೇಳಿ.

ಒಪ್ಪಂದದಲ್ಲಿ ‘ಕ್ಲೈಂಟ್ ಪಾವತಿಸಿದ ನಂತರ ಪಾವತಿ’ ಎಂಬ ಷರತ್ತು ಕಂಡರೆ ತೆಗೆಸಿ. ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ದಾಖಲಾಗುವುದು) ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಿಂದಲೇ ಆಗುತ್ತದೆ. ಕೆಲಸ ಶುರುವಾಗುವ ಮೊದಲೇ ಅದನ್ನು ಮಾಡಿಸಿಕೊಂಡು ಸಂಖ್ಯೆಯನ್ನು ಇನ್‌ವಾಯ್ಸ್ ಮೇಲೆ ಹಾಕಿ. ಸಣ್ಣ ಉದ್ಯಮಗಳಿಗಿರುವ ಎಂಎಸ್‌ಎಂಇ ಕಾಯ್ದೆಯಂತೆ ನಿಮಗೆ ದುಡ್ಡು ಕೊಡುವುದು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ನೋಟಿಸ್ ಅವಧಿ ಎರಡೂ ಕಡೆಗೆ ಸಮ ಇರಲಿ. ನಿಮಗೆ 30 ದಿನ, ಅವರಿಗೆ ‘ತಕ್ಷಣ’ ಎಂದಿದ್ದರೆ ಒಪ್ಪಬೇಡಿ. ‘ಆರು ತಿಂಗಳಾದ ಮೇಲೆ ಪರ್ಮನೆಂಟ್ ಮಾಡ್ತಾರೆ’ ಎಂಬ ಮಾತಿಗೆ ಕಾಗದದ ಮೇಲೆ ಸಂಬಳದ ಅಂಕಿ ಇಲ್ಲದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪೇರೋಲ್ ದಾರಿಯವರು ಪಿಎಫ್ ಪಾಸ್‌ಬುಕ್ಕನ್ನು ಪ್ರತಿ ತಿಂಗಳು ನೋಡಬೇಕು. ಹಿಂದಿನ ತಿಂಗಳದ್ದನ್ನು ಕಂಪನಿ 15ನೇ ತಾರೀಖಿನೊಳಗೆ ಕಟ್ಟಬೇಕು. ಸ್ಲಿಪ್‌ನಲ್ಲಿ ಹಿಡಿದು ಪಾಸ್‌ಬುಕ್‌ಗೆ ಬಾರದಿದ್ದರೆ ಎರಡನೇ ತಿಂಗಳಲ್ಲೇ ಇಮೇಲ್‌ನಲ್ಲಿ ಕೇಳಿ, ಕೆಲಸ ಬಿಟ್ಟ ಮೇಲೆ ಕೇಳಿದರೆ ಉತ್ತರ ಬರುವುದು ಕಷ್ಟ. ಬಿಟ್ಟ ದಿನಾಂಕವನ್ನು ಹಳೆಯ ಕಂಪನಿ ಹಾಕದೆ ಹೋದರೆ ಪಿಎಫ್ ಹಣದ ವರ್ಗಾವಣೆ ನಿಲ್ಲುತ್ತದೆ. ಕೊನೆಯ ಕಂತಿನ ಎರಡು ತಿಂಗಳ ನಂತರ ಅದನ್ನು ಪಿಎಫ್‌ನ ಯುಎಎನ್ (ಸದಸ್ಯ ಸಂಖ್ಯೆ) ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ನನಗೆ ಹೆಚ್ಚು ಚಿಂತೆಯಾಗುವುದು ಅಪ್ಪ ಅಮ್ಮನ ವಿಮೆಯ ಬಗ್ಗೆ. ಕಂಪನಿಯ ಗುಂಪು ಪಾಲಿಸಿಯಲ್ಲಿ ಅವರ ಸಕ್ಕರೆ, ಬಿಪಿಗೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಹೊರಗೆ ಹೊಸ ಪಾಲಿಸಿ ಕೊಂಡರೆ ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಆದ್ದರಿಂದ ರಾಜೀನಾಮೆ ಬರೆಯುವ ಮುಂಚೆ, ಗುಂಪು ಪಾಲಿಸಿ ಚಾಲ್ತಿಯಲ್ಲಿರುವಾಗಲೇ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಿ, ಕಳೆದ ವರ್ಷಗಳು ಕಾಯುವ ಅವಧಿಗೆ ಜಮೆ ಆಗುತ್ತವೆಯೇ ಎಂದು ಲಿಖಿತವಾಗಿ ಕೇಳಿ. ಆ ಉತ್ತರ ಕೈಗೆ ಬಂದ ಮೇಲೆ ನೋಟಿಸ್ ಕೊಡಿ.