ಕಾರವಾರದಲ್ಲಿ ಸಿಕ್ಕ ಆನ್‌ಫೀಲ್ಡ್

ಕಾರವಾರಕ್ಕೆ ಹೋದದ್ದು ಮೀನು ತಿನ್ನಲು. ಸದಾಶಿವಗಡ ಹತ್ತಿದೆ, ದೇವಬಾಗಿಗೆ ದೋಣಿಯಲ್ಲಿ ಹೋದೆ, ಕಾಳಿ ನದಿ ಕಡಲು ಸೇರುವ ಕಡೆ ಒಂದಿಷ್ಟು ಹೊತ್ತು ನಿಂತೆ. ಎಲ್ಲ ಚೆನ್ನಾಗಿತ್ತು. ಆ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ಬಿಟ್ಟುಬಿಡೋಣ.

ರೈಲಿನಲ್ಲಿ ಹೋಗುವವರಿಗೆ ಒಂದು ಮಾತು. ಕಾರವಾರ ಸ್ಟೇಷನ್ ಊರೊಳಗಿಲ್ಲ, ಶಿರವಾಡದಲ್ಲಿದೆ. ಹೊರಗೆ ಬಂದ ತಕ್ಷಣ ಮೊದಲು ಕಂಡ ಆಟೋ ಹತ್ತಬೇಡಿ. ನನ್ನಿಂದ ಆ ಪುಣ್ಯಾತ್ಮ ತೆಗೆದುಕೊಂಡ ದುಡ್ಡಿನಲ್ಲಿ ಎರಡು ಹೊತ್ತು ಇಸ್ವಾಣ ಫ್ರೈ ತಿನ್ನಬಹುದಿತ್ತು. ಜೊತೆಗೆ ಯಾರಾದರೂ ಇಳಿದರೆ ಮಾತಾಡಿಸಿ, ಪಾಲು ಹಾಕಿಕೊಂಡು ಹೋಗಿ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಊಟದ ವಿಷಯದಲ್ಲಿ ಮಾತ್ರ ದೂರಿಲ್ಲ. ದೊಡ್ಡ ಬೋರ್ಡಿನ ಹೋಟೆಲುಗಳಿಗಿಂತ ಬಾಳೆಎಲೆ ಹಾಕುವ ಸಣ್ಣ ಖಾನಾವಳಿಗಳೇ ಮೇಲು. ಬಂಗಡೆ ಸಾರು, ಕೊನೆಗೆ ಸೋಲ್ ಕಡಿ. ಇಷ್ಟು ಸಾಕು.

ಸಂಜೆ ಟ್ಯಾಗೋರ್ ಬೀಚಿನಲ್ಲಿ ನಡೆಯುತ್ತಿದ್ದೆ. ಅಲ್ಲಿ ನೌಕಾಪಡೆಯ ಹಳೆಯ ಯುದ್ಧನೌಕೆ ಚಪಲ್ ಅನ್ನು ದಡಕ್ಕೆ ತಂದು ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. ಎಲ್ಲರೂ ಅದರ ಮುಂದೆ ಸೆಲ್ಫಿ ತೆಗೆಯುತ್ತಿದ್ದರು. ಇಳಿತದ ಹೊತ್ತು, ಮರಳು ಗಟ್ಟಿಯಾಗಿತ್ತು. ಹುಡುಗರು ಚಪ್ಪಲಿಗಳನ್ನೇ ಗೋಲಿಗೆ ಇಟ್ಟು ಫುಟ್‌ಬಾಲ್ ಆಡುತ್ತಿದ್ದರು. ಗೋವಾ ಪಕ್ಕದಲ್ಲೇ ಇದೆಯಲ್ಲ, ಇಲ್ಲಿ ಕ್ರಿಕೆಟ್ಟಿನಷ್ಟೇ ಫುಟ್‌ಬಾಲ್ ಹುಚ್ಚೂ ಇದೆ. ಪಕ್ಕದಲ್ಲಿ ಒಬ್ಬರು ವಯಸ್ಸಾದವರು ನಿಂತು ಕೊಂಕಣಿಯಲ್ಲಿ ಬೈಯುತ್ತಿದ್ದರು. ಹುಡುಗರು ಅವರನ್ನು ಮಾಮ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಸುಮ್ನೆ ಮಾತಿಗೆ ಅಂತ, "ಈ ಹಡಗು ದಡದ ಮೇಲೆ ಚೆನ್ನಾಗಿ ಕಾಣುತ್ತೆ ಅಲ್ವಾ ಮಾಮ?" ಎಂದೆ.

"ಇದೇನು ದೊಡ್ಡದು ಮಾರಾಯ್ರೆ? ಹಡಗಿನ ಹಾಯಿಕಂಬ ಫುಟ್‌ಬಾಲ್ ಮೈದಾನದಲ್ಲಿ ನಿಂತಿದ್ದನ್ನ ನಾನು ನೋಡಿದೀನಿ."

ಅಲ್ಲಿಗೆ ನನ್ನ ವಾಕಿಂಗ್ ಮುಗಿಯಿತು.

ಮಾಮ ಸರಕು ಹಡಗುಗಳಲ್ಲಿ ದುಡಿದವರು. ಎಂಬತ್ತರ ದಶಕದ ಮೊದಲಿಗೆ ಅವರ ಹಡಗು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ನಿಂತಾಗ, ಜೊತೆಯವನೊಬ್ಬ ಅಲ್ಲಿನ ಲಿವರ್‌ಪೂಲ್ ಫುಟ್‌ಬಾಲ್ ತಂಡದ ಮೈದಾನ ಆನ್‌ಫೀಲ್ಡಿಗೆ ಮ್ಯಾಚಿಗೆ ಕರೆದುಕೊಂಡು ಹೋಗಿದ್ದ. ಮ್ಯಾಚು ಯಾರ ಜೊತೆ ಎಂಬುದು ಅವರಿಗೆ ನೆನಪಿಲ್ಲ. ಕಂಬ ನೆನಪಿದೆ.

ಆ ಕಂಬ 'ಗ್ರೇಟ್ ಈಸ್ಟರ್ನ್' ಹಡಗಿನದು. 1858ರಲ್ಲಿ ನೀರಿಗಿಳಿದ ಕಬ್ಬಿಣದ ಹಡಗು. ಉದ್ದ 211 ಮೀಟರ್. ಎರಡು ಬದಿಗೆ ಭಾರಿ ಚಕ್ರ, ಹಿಂದೆ ಪ್ರೊಪೆಲ್ಲರ್, ಅದು ಸಾಲದೆಂದು ಆರು ಹಾಯಿಕಂಬ. ಮಾಮ ಬೆರಳು ಮಡಚಿ ಎಣಿಸಿದರು. ಸೋಮವಾರದಿಂದ ಶನಿವಾರದವರೆಗೆ ಒಂದೊಂದು ಕಂಬಕ್ಕೆ ಒಂದೊಂದು ವಾರದ ಹೆಸರಂತೆ.

"ಭಾನುವಾರ?"

"ಹಡಗಿನಲ್ಲಿ ಭಾನುವಾರ ಎಲ್ಲಿಂದ ಬರ್ತದೆ?"

4,000 ಜನರನ್ನು ಕೂರಿಸಿಕೊಂಡು, ನಡುವೆ ಎಲ್ಲೂ ಕಲ್ಲಿದ್ದಲು ತುಂಬದೆ ಪೂರ್ವದ ದೇಶಗಳಿಗೆ ಹೋಗಲಿ ಎಂದು ಕಟ್ಟಿದ ಹಡಗು ಅದು. ಆದರೆ ಜನರನ್ನು ಹೊತ್ತು ಈ ಕಡೆ ಬರಲೇ ಇಲ್ಲ. ಬಂದದ್ದು ಟೆಲಿಗ್ರಾಫ್ ತಂತಿ ಹೊತ್ತು. 1870ರಲ್ಲಿ ಮುಂಬೈಯಿಂದ ಏಡನ್ ಕಡೆಗೆ ಇದೇ ಅರಬ್ಬಿ ಸಮುದ್ರದ ತಳದಲ್ಲಿ ತಂತಿ ಎಳೆದದ್ದು ಅದೇ ಹಡಗು. ಕೊನೆಗಾಲದಲ್ಲಿ ಲಿವರ್‌ಪೂಲಿನ ಅಂಗಡಿಯೊಂದರ ತೇಲುವ ಜಾಹೀರಾತಾಯಿತು. ಆಮೇಲೆ ಅಲ್ಲೇ ಮರ್ಸಿ ನದಿಯ ದಡದಲ್ಲಿ ಒಡೆದು ಗುಜರಿಗೆ ಹಾಕಿದರು. ಕಂಬದ ಮೇಲಿನ ತುಂಡೊಂದನ್ನು ನದಿಯಲ್ಲಿ ತೇಲಿಸಿ, ಕುದುರೆ ಕಟ್ಟಿ ಗುಡ್ಡಕ್ಕೆ ಎಳೆಸಿ, ಆನ್‌ಫೀಲ್ಡಿನಲ್ಲಿ ಬಾವುಟಕ್ಕೆಂದು ನೆಟ್ಟರು. ಇವತ್ತಿಗೂ ಅಲ್ಲೇ ಇದೆ.

ಅದರ ಹತ್ತಿರವೇ 'ಕಾಪ್'. ಗೋಲಿನ ಹಿಂದಿನ ಎತ್ತರದ ದಿಬ್ಬ. ಮಾಮ ನಿಂತು ಮ್ಯಾಚು ನೋಡಿದ್ದು ಅಲ್ಲಿ. ಆಗ ಕುರ್ಚಿ ಇರಲಿಲ್ಲ, ಸಾವಿರಗಟ್ಟಲೆ ಜನ ನಿಂತೇ ನೋಡುತ್ತಿದ್ದರು. ಕುರ್ಚಿ ಬಂದದ್ದು 1994ರಲ್ಲಿ. ದಿಬ್ಬ ಕಟ್ಟಿದ್ದು 1906ರಲ್ಲಿ. ದಕ್ಷಿಣ ಆಫ್ರಿಕಾದ ಸ್ಪಿಯಾನ್ ಕಾಪ್ ಗುಡ್ಡದ ಮೇಲೆ 1900ರ ಜನವರಿಯಲ್ಲಿ ನಡೆದ ಯುದ್ಧದಲ್ಲಿ ಲಿವರ್‌ಪೂಲ್ ಕಡೆಯ ಸೈನಿಕರು ತುಂಬ ಜನ ಸತ್ತಿದ್ದರು. ಅದಕ್ಕೇ ಆ ಹೆಸರು. ಇಲ್ಲಿ ನಾನು ಬಾಯಿ ಹಾಕಿದೆ. ಅದೇ ಯುದ್ಧದಲ್ಲಿ ಗಾಯಗೊಂಡವರನ್ನು ಡೋಲಿಯಲ್ಲಿ ಹೊತ್ತವರಲ್ಲಿ ಗಾಂಧೀಜಿಯೂ ಇದ್ದರು ಎಂದೆ. ಮಾಮನಿಗೆ ಅದು ಗೊತ್ತಿರಲಿಲ್ಲ. ಒಬ್ಬ ಹುಡುಗನನ್ನು ಕೂಗಿ ಕರೆದು ಅವನಿಗೂ ಹೇಳಿಸಿದರು. ಹುಡುಗ ಹೂಂ ಎಂದು ಆಟಕ್ಕೆ ಓಡಿದ.

ಇಷ್ಟೆಲ್ಲ ಕೇಳಿ ಮಾಮ ಲಿವರ್‌ಪೂಲ್ ತಂಡದವರು ಅಂದುಕೊಂಡಿದ್ದೆ.

"ಛೇ, ನಂದು ಎವರ್ಟನ್."

ನನಗೆ ಅರ್ಥವಾಗಲಿಲ್ಲ. ಅವರು ಮರಳಿನ ಮೇಲೆ ಕೂತರು. ನಾನೂ ಕೂತೆ.

ಎವರ್ಟನ್ ಅದೇ ಊರಿನ ಇನ್ನೊಂದು ತಂಡ. ಆನ್‌ಫೀಲ್ಡ್ ಮೊದಲು ಅವರದು. ಚರ್ಚಿನ ಹುಡುಗರು 1878ರಲ್ಲಿ ಶುರುಮಾಡಿದ ತಂಡ. ಪಾರ್ಕಿನಲ್ಲಿ ಆಡುತ್ತಿದ್ದವರು 1884ರಲ್ಲಿ ಆನ್‌ಫೀಲ್ಡಿಗೆ ಬಂದರು. ಜಾನ್ ಹೌಲ್ಡಿಂಗ್ ಎಂಬ ಬಿಯರ್ ಸಾಹುಕಾರ ಆ ಜಾಗದ ಮಾಲೀಕನಾದ. ಆಟಗಾರರು ಬಟ್ಟೆ ಬದಲಿಸುವುದು ಅವನ ಹೋಟೆಲಿನಲ್ಲಿ. ಮೈದಾನದಲ್ಲಿ ತಿನ್ನುವುದು ಕುಡಿಯುವುದು ಮಾರುವ ಹಕ್ಕೂ ಅವನದೇ. ತಂಡ ಗೆದ್ದಂತೆ ಜನ ಸೇರಿದರು, ಜನ ಸೇರಿದಂತೆ ಬಾಡಿಗೆ ಏರಿತು. 100 ಪೌಂಡ್ ಇದ್ದದ್ದು 250 ಆಯಿತು. 1891ರಲ್ಲಿ ಎವರ್ಟನ್ ಲೀಗ್ ಗೆದ್ದಿತು. ಮರುವರ್ಷ ಜಗಳ ಕೈಮೀರಿತು. ತಂಡದವರು ಪಾರ್ಕಿನ ಆಚೆ ಬದಿಗೆ ಹೋಗಿ ಪಾಳು ಜಾಗ ತೆಗೆದುಕೊಂಡು ಗುಡಿಸನ್ ಪಾರ್ಕ್ ಕಟ್ಟಿದರು. ಖಾಲಿ ಮೈದಾನ ಇಟ್ಟುಕೊಂಡು ಹೌಲ್ಡಿಂಗ್ ಏನು ಮಾಡಬೇಕು? ಹೊಸ ತಂಡವನ್ನೇ ಮಾಡಿದ. ಅದೇ ಲಿವರ್‌ಪೂಲ್. 1892ರ ಸೆಪ್ಟೆಂಬರ್ 1ರಂದು ಆನ್‌ಫೀಲ್ಡಿನಲ್ಲಿ ಮೊದಲ ಆಟ, ರಾಥರ್‌ಹ್ಯಾಮ್ ಟೌನ್ ಮೇಲೆ 7-1ರ ಗೆಲುವು.

"ಜಾಗ ಬಿಟ್ಟು ಹೋದವರು ಯಾರು? ಎವರ್ಟನ್. ನಾನು ಅವರ ಕಡೆ."

ಮಾಮನ ಊರು ಅರ್ಗಾ. ಅವರು ಸಣ್ಣವರಿದ್ದಾಗ ಆಡಿದ ದಡ ಈಗ ನೌಕಾನೆಲೆಯ ಗೋಡೆಯ ಒಳಗಿದೆ. ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, ಆಮೇಲೆ ಆ ಕಡೆಯ ಊರುಗಳ ಜನ ಮನೆ ಬಿಟ್ಟು ಏಳಬೇಕಾಯಿತು. ಅವರಿಗೆ ಇದರಲ್ಲಿ ಸಿಟ್ಟಿದೆಯೋ ಎಂದು ಕೇಳಿದೆ. "ದೇಶಕ್ಕೆ ಬೇಕು ಅಂದ್ರು, ಕೊಟ್ವಿ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಆ ದಡ ಇದಕ್ಕಿಂತ ಚೆನ್ನಾಗಿತ್ತು. ಬಾಲು ನೀರಿಗೆ ಹೋದ್ರೆ ತಾನೇ ವಾಪಸ್ ಬರ್ತಿತ್ತು," ಎಂದರು.

ಈ ಊರಿಗೂ ಲಿವರ್‌ಪೂಲಿಗೂ ನಂಟು ಕಟ್ಟಲು ಬ್ರಿಟಿಷರು ಒಮ್ಮೆ ಹೊರಟಿದ್ದರು. ಅಮೆರಿಕದ ಅಂತರ್ಯುದ್ಧದಿಂದ ಲಿವರ್‌ಪೂಲ್ ಬಂದರಿಗೆ ಬರುತ್ತಿದ್ದ ಅಲ್ಲಿನ ಹತ್ತಿ ನಿಂತಿತ್ತು. ಧಾರವಾಡ ಕಡೆಯ ಹತ್ತಿ ಸಾಗಿಸಲು ಕಾರವಾರ ಬಂದರು ಬೇಕೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ದೊಡ್ಡ ಬಂದರಿನ ಕನಸೂ ಇಳಿಯಿತು. ಇದನ್ನೆಲ್ಲ ಮಾಮನಿಗೆ ಹೇಳಲು ಹೊರಟೆ. ಹತ್ತಿಯಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ.

ಅವರಿಗೆ ಬೇಕಿದ್ದದ್ದು ಗುಡಿಸನ್ ಸುದ್ದಿ. ಮುಚ್ಚಿದರಂತೆ, ಹೌದಾ? ಮೊಬೈಲ್ ತೆಗೆದೆ. 2025ರ ಮೇ 18ಕ್ಕೆ ಅಲ್ಲಿ ಗಂಡಸರ ತಂಡದ ಕೊನೆಯ ಆಟ. ಹೊಸ ಸ್ಟೇಡಿಯಂ ಬ್ರಾಮ್ಲಿ-ಮೂರ್ ಡಾಕಿನಲ್ಲಿ, ಹಳೆಯ ಡಾಕಿಗೆ ಮರಳು ತುಂಬಿ ಕಟ್ಟಿದ್ದು. ಬಂದರಿನ ಬದಿಯ ಇಂಥ ಕಟ್ಟಡಗಳಿಂದಲೇ ಲಿವರ್‌ಪೂಲ್ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಿಂದ ಹೊರಬಿತ್ತು.

"ಹಡಗು ನಿಲ್ಲೋ ಜಾಗ ಮುಚ್ಚಿ ಆಟ ಆಡ್ತಾರಾ!" ಮಾಮನಿಗೆ ಇದು ಸ್ವಲ್ಪವೂ ಸರಿಬರಲಿಲ್ಲ. ಎವರ್ಟನ್ ಮೇಲೂ ಒಂದೆರಡು ಬೈಗುಳ ಬಿತ್ತು.

ಗುಡಿಸನ್ನನ್ನು ಕೆಡವುತ್ತಿಲ್ಲ, ಈಗ ಎವರ್ಟನ್ನಿನ ಹೆಂಗಸರ ತಂಡ ಅಲ್ಲಿ ಆಡುತ್ತದೆ ಎಂದು ಸಮಾಧಾನಕ್ಕೆ ಹೇಳಿದೆ.

"ಒಳ್ಳೇದಾಯ್ತು," ಎಂದರು ಮಾಮ. "ಬಾಡಿಗೆ ಎಷ್ಟಂತೆ?"

ನನಗೆ ನಗು ಬಂತು. ಅವರು ನಿಜವಾಗಿಯೇ ಕೇಳಿದ್ದರು.