ಸುಮ್ನೆ ಮಲಗೋಕೆ ಯಾಕೆ ಆಗಲ್ಲ ಮೇಡಂ?

ಯೋಗ ಕಲಿಸುವ ನನ್ನನ್ನು ಜನ ಜಾಸ್ತಿ ಕೇಳುವುದು ಶವಾಸನದ ಬಗ್ಗೆ. ‘ಮೇಡಂ, ಬೇಕಾದ್ರೆ ಸೂರ್ಯನಮಸ್ಕಾರ ಇನ್ನೊಂದಷ್ಟು ಮಾಡ್ತೀನಿ. ಕೊನೇಲಿ ಸುಮ್ನೆ ಮಲಗೋಕೆ ಮಾತ್ರ ಆಗಲ್ಲ. ಯಾಕೆ?’ ಹೀಗೆ ಕೇಳುವವರೆಲ್ಲ ತುಂಬಾ ದುಡಿಯುವವರು. ಡಾಕ್ಟರು, ಆಡಿಟರು, ಸಾಫ್ಟ್‌ವೇರ್ ಮ್ಯಾನೇಜರು, ಮನೆ-ಅಂಗಡಿ ಎರಡನ್ನೂ ಒಬ್ಬರೇ ತೂಗಿಸುವ ಹೆಂಗಸರು. ಕಣ್ಣು ಮುಚ್ಚಿದ ಕೂಡಲೇ ಕಳಿಸದ ಮೇಲ್, ಕಟ್ಟದ ಫೀಸು ನೆನಪಾಗುತ್ತದೆ. ಕಾಲ್ಬೆರಳು ಅಲ್ಲಾಡುತ್ತಲೇ ಇರುತ್ತದೆ.

ಅವರಿಗೆ ನಾನು ಹೇಳುವುದು ಇಷ್ಟೇ. ಕೆಲಸ ಮುಗಿದ ಮೇಲೆ ಸಿಗುವ ಬಹುಮಾನವೇ ವಿಶ್ರಾಂತಿ ಅಂದುಕೊಂಡಿದ್ದೀರಿ. ನಿಮ್ಮ ಕೆಲಸವೋ ಮುಗಿಯುವಂಥದ್ದೇ ಅಲ್ಲ.

ಇದು ಚಿಕ್ಕಂದಿನ ಪಾಠ. ‘ಮೊದಲು ಹೋಂವರ್ಕ್, ಆಮೇಲೆ ಆಟ.’ ಆ ಮಾತನ್ನು ತಪ್ಪದೆ ಪಾಲಿಸಿದ ಮಕ್ಕಳೇ ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕ್ಸ್ ತೆಗೆದರು, ಸಿಇಟಿ ಬರೆದರು, ಒಳ್ಳೆ ಕೆಲಸ ಹಿಡಿದರು. ಹೋಂವರ್ಕ್‌ಗಾದರೂ ಕೊನೇ ಪುಟ ಅಂತ ಒಂದಿತ್ತು, ಅಲ್ವಾ? ಈಗ ಒಂದು ಕೆಲಸ ಮುಗಿಸಿದವರಿಗೇ ಇನ್ನೆರಡು ಬಂದು ಬೀಳುತ್ತವೆ. ಚೆನ್ನಾಗಿ ಮಾಡುವವರಿಗೆ ಇನ್ನೂ ಜಾಸ್ತಿ. ಹುಟ್ಟಿದಾಗಿನಿಂದ ಶಭಾಷ್ ಸಿಕ್ಕಿದ್ದೆಲ್ಲ ಏನಾದರೂ ಮಾಡಿದ್ದಕ್ಕೇ. ಹಾಗಾಗಿ ಏನೂ ಮಾಡದ ಹತ್ತು ನಿಮಿಷ ಒಳಗೊಳಗೇ ಚುಚ್ಚುತ್ತದೆ.

ನಮ್ಮ ರೈತರ ಲೆಕ್ಕ ಬೇರೆ. ಕಾಯಕವೇ ಕೈಲಾಸ ಎಂದ ಈ ನಾಡಿನಲ್ಲೇ ಹಲವು ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಅರ್ಧ ಹೊಲ ಬಾಕಿ ಇದ್ದರೂ ಅಷ್ಟೇ. ಕಳೆದ ವಾರ ಈ ಎತ್ತು ಎಷ್ಟು ಉತ್ತಿತು ಅಂತ ಯಾರೂ ಕೇಳುವುದಿಲ್ಲ. ಮೈಸೂರಿನ ಅಷ್ಟಾಂಗ ಯೋಗದ ಪದ್ಧತಿಯಲ್ಲೂ ಅಮಾವಾಸ್ಯೆ, ಹುಣ್ಣಿಮೆ ದಿನ ಅಭ್ಯಾಸ ಇಲ್ಲ. ಎಷ್ಟೇ ಉಮೇದು ಇದ್ದರೂ ಆವತ್ತು ಚಾಪೆ ಹಾಸುವ ಹಾಗಿಲ್ಲ. ದಿನ ಬಂತು, ನಿಲ್ಲಿಸಿದರು. ಇದು ದೊಡ್ಡ ಜಾಣತನ ಅಂತ ನನಗನಿಸುತ್ತದೆ.

ಹಾಗಾಗಿ ನೀವೂ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಸಂಜೆ ಹತ್ತು ನಿಮಿಷ ಸಾಕು. ಕೆಲಸ ಬಾಕಿ ಇದ್ದರೂ ಆ ಹೊತ್ತಿಗೆ ಎದ್ದುಬಿಡಿ. ಅದಕ್ಕೆ ಮುಂಚೆ ಬಾಕಿ ಇರುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಲಗುವ ಮುಂಚೆ 5 ನಿಮಿಷ, ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ 9 ನಿಮಿಷ ಬೇಗ ನಿದ್ದೆ ಹತ್ತಿತ್ತು. ಬಿಡಿಬಿಡಿಯಾಗಿ ಬರೆದಷ್ಟೂ ಬೇಗ. ನಾನೂ ಶವಾಸನಕ್ಕೆ ಮುಂಚೆ ಪೆನ್ನು, ಚೀಟಿ ಕೊಡುತ್ತೇನೆ. ಕಾಗದಕ್ಕೆ ಇಳಿದ ಚಿಂತೆ ತಲೆಯನ್ನು ಅಷ್ಟಾಗಿ ಕಾಡುವುದಿಲ್ಲ.

ಕೈಯ ಸ್ಮಾರ್ಟ್‌ವಾಚು ಬಿಚ್ಚಿಡಿ. ನಿದ್ದೆಗೂ ಅದು ಮಾರ್ಕ್ಸ್ ಕೊಡುತ್ತದೆ, ಮಾರ್ಕ್ಸ್ ಕಂಡರೆ ನೀವು ಸುಮ್ಮನಿರುವವರಲ್ಲ. ಮಲಗಲು ಆಗದಿದ್ದರೆ ಮಲ್ಲಿಗೆ ಕಟ್ಟಿ, ಅವರೆಕಾಯಿ ಸುಲಿಯಿರಿ. ಮೊದಮೊದಲು ಚಡಪಡಿಕೆ ಆಗುತ್ತದೆ. ಆಗಲಿ, ಎದ್ದು ಹೋಗಬೇಡಿ.

‘ಅದಕ್ಕೂ ಟೈಮ್ ಇಲ್ಲ’ ಅನ್ನುವವರು ಒಂದು ಲೆಕ್ಕ ನೋಡಿ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು.

ಹತ್ತು ನಿಮಿಷದ ಚಡಪಡಿಕೆ ಬೇರೆ, ವಾರಗಟ್ಟಲೆ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇರುವುದು ಬೇರೆ. ಅದಕ್ಕೆ ಶವಾಸನ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.