ಕೆಜಿಎಫ್‌ನಿಂದ ಕಾರ್ನ್‌ವಾಲ್‌ಗೆ: ಹಳೇ ಗಣಿ ನೋಡಲು ಹೋಗುವವರಿಗೆ

ಅಪ್ಪ ಅಮ್ಮ ಬೇತಮಂಗಲದಿಂದ ಲಂಡನ್‌ಗೆ ಬಂದು ಮೂರು ವಾರ ಆಗಿತ್ತು. ಅರಮನೆ, ಸೇತುವೆ, ಮ್ಯೂಸಿಯಂ ಎಲ್ಲಾ ನೋಡಿ ಮುಗಿದಿತ್ತು. ಅಪ್ಪ ಕೆಜಿಎಫ್ ಮೈನ್ಸ್‌ನಲ್ಲಿ ಕೆಲಸ ಮಾಡಿದವರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ದಿನದವರೆಗೂ. ಅದಕ್ಕೇ ಮೇ ತಿಂಗಳಲ್ಲಿ ನಾಲ್ಕು ದಿನ ಬಿಡುವು ಮಾಡಿಕೊಂಡು ಇಬ್ಬರನ್ನೂ ಕಾರ್ನ್‌ವಾಲ್‌ಗೆ ಕರೆದುಕೊಂಡು ಹೋದೆ. ಇಂಗ್ಲೆಂಡಿನ ನೈಋತ್ಯ ಮೂಲೆ ಅದು. ತವರ, ತಾಮ್ರ, ಬಿಳಿ ಜೇಡಿಯ ಗಣಿಗಳ ಸೀಮೆ. 1880ರಿಂದ ಕೋಲಾರದ ಚಿನ್ನದ ಗಣಿ ನಡೆಸಿದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಕಾರ್ನ್‌ವಾಲ್‌ನ ಗಣಿ ಕೆಲಸಗಾರರು ನಮ್ಮೂರಿಗೆ ಬಂದು ನೆಲೆಸಿದ್ದರು. ಈ ನಂಟು ಇರುವುದರಿಂದ ನಮ್ಮ ಕಡೆಯವರು ಒಮ್ಮೆ ಹೋಗಲೇಬೇಕು ಅನ್ನೋದು ನನ್ನ ಮಾತು.

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಕಾರ್ನ್‌ವಾಲ್‌ನ ಸೇಂಟ್ ಆಸ್ಟೆಲ್‌ಗೆ ರೈಲಿನಲ್ಲಿ ನಾಲ್ಕೂವರೆಯಿಂದ ಐದು ಗಂಟೆ. ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ, ಹೊರಡುವ ದಿನ ತೆಗೆದರೆ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಕಿಟಕಿ ಪಕ್ಕ ಎಡಗಡೆ ಕೂತರೆ ಡಾಲಿಶ್ ಹತ್ತಿರ ಸಮುದ್ರ ಹಳಿಗೇ ತಾಗಿದ ಹಾಗೆ ಕಾಣುತ್ತದೆ. ಸೇಂಟ್ ಆಸ್ಟೆಲ್ ನಿಲ್ದಾಣದ ಹೊರಗೇ ಈಡನ್ ಪ್ರಾಜೆಕ್ಟ್ ಅನ್ನೋ ದೊಡ್ಡ ಸಸ್ಯತೋಟಕ್ಕೆ ಬಸ್ ಸಿಗುತ್ತದೆ. ಕಾರಿಲ್ಲದೆ ಬಂದವರಿಗೆ ಪ್ರವೇಶ ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ಬಸ್ ಟಿಕೆಟ್ ಬಿಸಾಡಬೇಡಿ.

ಈಡನ್ ಇರುವುದು ಬೊಡೆಲ್ವಾ ಅನ್ನೋ ಹಳೇ ಜೇಡಿ ಗಣಿಯ ಹೊಂಡದಲ್ಲಿ. ಸುಮಾರು 60 ಮೀಟರ್ ಆಳ. ಪಿಂಗಾಣಿಗೆ, ಕಾಗದಕ್ಕೆ ಬೇಕಾದ ಬಿಳಿ ಜೇಡಿಯನ್ನು ನೂರು ವರ್ಷಕ್ಕೂ ಮಿಕ್ಕಿ ಅಲ್ಲಿ ತೆಗೆದಿದ್ದರು. ಟಿಮ್ ಸ್ಮಿಟ್ ಅನ್ನುವವರು ಮುಂದೆ ನಿಂತು ಆ ಹೊಂಡದಲ್ಲಿ ದೊಡ್ಡ ದೊಡ್ಡ ಗುಮ್ಮಟ ಕಟ್ಟಿಸಿ, ಒಳಗೆ ಕಾಡು ಬೆಳೆಸಿದರು. ಜನರಿಗೆ ಬಾಗಿಲು ತೆರೆದದ್ದು 2001ರ ಮಾರ್ಚ್ 17ರಂದು. ಅಂದರೆ ನಮ್ಮ ಗಣಿ ಮುಚ್ಚಿ 17ನೇ ದಿನ. ಈ ತಾರೀಕು ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ. ಸುಮ್ನೆ ಕೆಳಗೆ ಇಳಿಯುವ ದಾರಿ ನೋಡುತ್ತಾ ನಿಂತರು.

ಬಟ್ಟೆ ವಿಷಯ ಮರೀಬೇಡಿ. ಹೊರಗೆ ಮೂಳೆ ಕೊರೆಯುವ ಗಾಳಿ ಇದ್ದರೂ ಮಳೆಕಾಡಿನ ಗುಮ್ಮಟದ ಒಳಗೆ ನಮ್ಮ ಮಂಗಳೂರಿನ ಸೆಕೆ. ಸ್ವೆಟರ್ ಕಳಚುವಂತಿರಲಿ, ನೀರಿನ ಬಾಟಲಿ ಇರಲಿ. ತುದಿಯಲ್ಲಿ ಒಂದು ಅಟ್ಟಣಿಗೆ ಇದೆ, ಸೆಕೆ ಹೆಚ್ಚಾದರೆ ಮುಚ್ಚಿಬಿಡುತ್ತಾರೆ. ಅದಕ್ಕೇ ಬೆಳಿಗ್ಗೆಯೇ ಮೊದಲು ಅಲ್ಲಿಗೆ ಹೋಗಿ.

ಬಾಳೆ, ಕಾಫಿ ಗಿಡಗಳನ್ನು ಇಂಗ್ಲೆಂಡಿನಲ್ಲಿ ನೋಡಿ ನಮಗೆ ಏನಾಗಬೇಕು ಅಂತ ನನಗೂ ಅನ್ನಿಸಿತ್ತು. ಆದರೆ ಅಮ್ಮ ಗಿಡ ನೋಡಲಿಲ್ಲ, ಮಣ್ಣು ನೋಡಿದರು. ದಾರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಚಿಟಿಕೆ ತೆಗೆದು ಹೆಬ್ಬೆರಳಲ್ಲಿ ಉಜ್ಜಿದರು, ಮೂಸಿದರು. "ಇದು ಇಲ್ಲೇ ಇದ್ದ ಮಣ್ಣಲ್ಲ ಕಣೋ, ಮರಳಿಗೆ ಗೊಬ್ಬರ ಸೇರಿಸಿದಾರೆ" ಅಂದರು. ಅವರು ಹೇಳಿದ್ದು ಸರಿ. ಆ ಹೊಂಡದಲ್ಲಿ ಬೆಳೆಯುವಂಥ ಮಣ್ಣೇ ಇರಲಿಲ್ಲ. ಜೇಡಿ ತೆಗೆದ ಮೇಲೆ ಉಳಿದ ಮರಳಿಗೆ ಕೊಳೆತ ತೊಗಟೆ, ಹಸಿರು ಕಸದ ಗೊಬ್ಬರ ಬೆರೆಸಿ 80 ಸಾವಿರ ಟನ್ನಿಗೂ ಹೆಚ್ಚು ಮಣ್ಣು ತಯಾರಿಸಿದರು. ಹೊಂಡಕ್ಕೆ ಒಸರುವ ನೀರನ್ನೇ ಗಿಡಗಳಿಗೂ ಶೌಚಾಲಯಕ್ಕೂ ಬಳಸುತ್ತಾರೆ. ಬಿಸಿಗಾಗಿ ಸುಮಾರು 5 ಕಿ.ಮೀ. ಉದ್ದದ ಬಾವಿ ಕೊರೆದಿದ್ದಾರೆ, 2023ರಿಂದ ನೆಲದೊಳಗಿನ ಶಾಖವೇ ಗುಮ್ಮಟಗಳನ್ನು ಬೆಚ್ಚಗಿಡುತ್ತಿದೆ. ಈ ಬಾವಿ ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ 3.2 ಕಿ.ಮೀ.ಗಿಂತ ಆಳ ಅಂತ ತಿಳಿದ ಮೇಲೆ ಅಪ್ಪ ಅದರ ವಿವರವನ್ನು ಎರಡು ಸಲ ಓದಿಸಿಕೊಂಡರು.

ಟಿಕೆಟ್ ದುಬಾರಿ, ನಿಜ. ಇಡೀ ದಿನ ಇಟ್ಟುಕೊಂಡರೆ ಮಾತ್ರ ಹೋಗಿ. ಇನ್ನೊಂದು ದಿನ ಸೇಂಟ್ ಆಸ್ಟೆಲ್‌ನಲ್ಲೇ ಉಳಿದು, ಜೇಡಿ ಗಣಿಗಳ ನಡುವೆ ಮಾಡಿರುವ ಸೈಕಲ್ ದಾರಿಗಳಲ್ಲಿ ನಡೆಯಿರಿ. ಅದಕ್ಕೆ ದುಡ್ಡಿಲ್ಲ. ಬಿಳಿ ದಿಬ್ಬಗಳ ಮೇಲೆ ಹುಲ್ಲು, ಪೊದೆ ಹತ್ತಿರುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಆಮೇಲೆ ರೈಲಿನಲ್ಲಿ ಒಂದು ಗಂಟೆ ಮುಂದೆ ಪೆನ್‌ಜಾನ್ಸ್. ಅಲ್ಲಿಂದ ಬಸ್ ಹಿಡಿದು ಪೆಂಡೀನ್ ಊರಿನ ಗೀವರ್ ತವರದ ಗಣಿಗೆ. ನನ್ನನ್ನು ಕೇಳಿದರೆ ಈಡನ್‌ಗಿಂತ ಇದೇ ಮುಖ್ಯ. ಗಣಿ ನಿಂತದ್ದು 1990ರಲ್ಲಿ. ಪಂಪ್ ನಿಲ್ಲಿಸಿದ ಮೇಲೆ ಕೆಳಗಿನ ಸುರಂಗಗಳಿಗೆಲ್ಲ ನೀರು ತುಂಬಿತು, ನಮ್ಮಲ್ಲಿ ಆದ ಹಾಗೇ. ಆದರೆ ಮೇಲಿನದನ್ನು ಗುಜರಿಗೆ ಹಾಕಲಿಲ್ಲ. ಈಗ ಆ ಊರಿನವರದೇ ಸಂಸ್ಥೆ ಅದನ್ನು ನಡೆಸುತ್ತಿದೆ, ಗಣಿಯಲ್ಲಿ ದುಡಿದವರೇ ಕೆಲವರು ದಾರಿ ತೋರಿಸುತ್ತಾರೆ. ಕೆಲಸಗಾರರು ಮೈ ತೊಳೆದು ಬಟ್ಟೆ ಬದಲಿಸುತ್ತಿದ್ದ ಕೋಣೆಯನ್ನು ಕೊನೇ ಶಿಫ್ಟ್ ಮುಗಿದಾಗ ಇದ್ದ ಹಾಗೇ ಬಿಟ್ಟಿದ್ದಾರೆ. ಕೆಂಪು ಮಣ್ಣು ಮೆತ್ತಿದ ಕೋಟು, ಬೂಟು, ತೆರೆದ ಲಾಕರ್. ಅಪ್ಪ ಒಂದು ಲಾಕರ್ ಬಾಗಿಲ ಮೇಲೆ ಕೈ ಇಟ್ಟು ತುಂಬಾ ಹೊತ್ತು ನಿಂತರು. ಅಲ್ಲಿದ್ದ ಹಿರಿಯರು ಬಂದು ಎಲ್ಲಿಯವರು ಅಂತ ಕೇಳಿದರು. "ಕೋಲಾರ್" ಅಂದ ತಕ್ಷಣ ಅವರ ಮುಖ ಅರಳಿತು. ಆಮೇಲೆ ಇಬ್ಬರೂ ಗಣಿಗೆ ಇಳಿಸುವ ಕೇಜ್, ಅದರ ಹಗ್ಗ, ಬಂಡೆ ಸಿಡಿಯುವುದು ಅಂತ ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆಯಲ್ಲಿ ಮಾತಾಡಿದ್ದೇ ಮಾತಾಡಿದ್ದು. ನಮ್ಮ ಬಸ್ ತಪ್ಪಿತು. ಮುಂದಿನ ಬಸ್ಸಿಗೆ ತುಂಬಾ ಹೊತ್ತು ಕಾಯಬೇಕಾಯಿತು, ಹಾಗಾಗಿ ವಾಪಸ್ ಬಸ್ಸಿನ ವೇಳೆ ಬರೆದಿಟ್ಟುಕೊಳ್ಳಿ. ಗಣಿ ವಾರದ ಎಲ್ಲಾ ದಿನ ತೆರೆದಿರುವುದಿಲ್ಲ, ಅದನ್ನೂ ಮೊದಲೇ ನೋಡಿ. ಸುರಂಗದ ಒಳಗೆ ಕರೆದುಕೊಂಡು ಹೋಗುತ್ತಾರೆ. ಸೂರು ತಗ್ಗು, ಮಂಡಿ ನೋವು ಇರುವವರು ಮೇಲೆಯೇ ಉಳಿಯುವುದು ಒಳ್ಳೆಯದು.

ಊಟಕ್ಕೆ ಪ್ಯಾಸ್ಟಿ ಸಿಗುತ್ತದೆ, ನಮ್ಮ ಕರ್ಜಿಕಾಯಿ ಆಕಾರದ್ದು. ಮಾಮೂಲಿನದರಲ್ಲಿ ದನದ ಮಾಂಸ ಇರುತ್ತದೆ. ಚೀಸ್ ಈರುಳ್ಳಿಯದು ಬೇಕು ಅಂತ ಕೇಳಿ ತೆಗೆದುಕೊಳ್ಳಿ.

ಮುಚ್ಚಿದ ಗಣಿಗಳಲ್ಲೆಲ್ಲಾ ಈಡನ್‌ನಂಥ ಗುಮ್ಮಟ ಕಟ್ಟಿದರೆ ಆಯಿತು ಅಂತ ನಾನು ಹೇಳುತ್ತಿಲ್ಲ. ಜೇಡಿ ಹೊಂಡ ಬೇರೆ, ಲೋಹದ ಗಣಿ ಬೇರೆ. ಕಾರ್ನ್‌ವಾಲ್‌ನಲ್ಲೇ ವೀಲ್ ಜೇನ್ ಅನ್ನೋ ತವರದ ಗಣಿ ಮುಚ್ಚಿದ ಮೇಲೆ 1992ರ ಜನವರಿಯಲ್ಲಿ ಆಮ್ಲದ ನೀರು ಉಕ್ಕಿ ಕಾರ್ನನ್ ನದಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆ ನೀರನ್ನು ಶುದ್ಧ ಮಾಡುವ ಕೆಲಸ ಇವತ್ತಿಗೂ ನಿಂತಿಲ್ಲ. ಕೆಜಿಎಫ್‌ನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ, ನಮ್ಮ ಸೈನೈಡ್ ದಿಬ್ಬಗಳಿಗೂ ಮೊದಲು ಆಗಬೇಕಾದದ್ದು ಆ ಧೂಳು ಹಾರದ ಹಾಗೆ ನೋಡಿಕೊಳ್ಳುವುದು. ಆಷಾಢದ ಗಾಳಿಯಲ್ಲಿ ಅಲ್ಲಿ ಮನೆ ಕಿಟಕಿ ಮುಚ್ಚಿಕೊಂಡು ಕೂತವರಿಗೆ ಅದು ಗೊತ್ತು ಅಲ್ವಾ.

ಹೋಗುವುದಾದರೆ ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ಆಗಸ್ಟ್‌ನಲ್ಲಿ ಶಾಲೆ ರಜೆ, ಕೋಣೆ ಸಿಗುವುದೇ ಕಷ್ಟ. ಮನೆಯಲ್ಲಿ ಮೈನ್ಸ್‌ನಲ್ಲಿ ದುಡಿದವರ ಹಳೇ ಫೋಟೋ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ. ನಾನು ಒಯ್ದಿರಲಿಲ್ಲ. ಗೀವರ್‌ನ ಆ ಹಿರಿಯರು ಕೇಳಿದಾಗ ಅಪ್ಪನ ಹತ್ತಿರ ತೋರಿಸಲು ಏನೂ ಇರಲಿಲ್ಲ.